ಪುಟ್ಟಿಯ ಸ್ಕಾಲರ್‌ಶಿಪ್ಪೂ ಸೈಬರ್‌ನವನ ಫೋನ್ ನಂಬರೂ

ಜೈ ಜಿನೇಂದ್ರ ಎಲ್ಲರಿಗೂ. ತಂಗಿ, ನಿನ್ನ ಮೆಸೇಜ್ ಈಗ ನೋಡಿದೆ. ಅಲ್ಪಸಂಖ್ಯಾತರಿಗೆ ಕೇಂದ್ರ ಕೊಡುತ್ತಿದ್ದ ಮೌಲಾನಾ ಆಜಾದ್ ಫೆಲೋಶಿಪ್ ನಿಂತೇ ಹೋಯಿತಂತೆ, ಪುಟ್ಟಿಯನ್ನು ಮೈಸೂರಿಗೆ ಎಂಪಿಎಚ್‌ಗೆ, ಅಂದರೆ ಸಾರ್ವಜನಿಕ ಆರೋಗ್ಯದ ಓದಿಗೆ, ಸೇರಿಸೋದಾ ಬೇಡವಾ ಅಂತ ಕೇಳಿದ್ದೀಯ. ಹೇಳುತ್ತೇನೆ, ಗಾಬರಿ ಬೇಡ.

ಅದಕ್ಕೂ ಮೊದಲು ಒಂದು ಮಾತು. ಸ್ಕಾಲರ್‌ಶಿಪ್ ಅರ್ಜಿಯಲ್ಲಿ ಪುಟ್ಟಿಯ ಸ್ವಂತ ಫೋನ್ ನಂಬರೇ ಇರಬೇಕು. ಸೈಬರ್‌ನವನದು ಹಾಕಿಸಬೇಡಿ. ನಮ್ಮ ದೊಡ್ಡವಳು ಎಂಎಸ್ಸಿ ಸೇರಿದಾಗ ಏನಾಯಿತು ಅಂತ ನಿಮಗೆಲ್ಲ ಗೊತ್ತೇ ಇದೆ. ಆದರೂ ಹೇಳುತ್ತೇನೆ. ಪೇಟೆಯ ಸೈಬರ್ ಹುಡುಗ, "ಒಟಿಪಿ ನನ್ನ ನಂಬರಿಗೇ ಬರಲಿ ಬಿಡಿ, ನಿಮಗೆ ಯಾಕೆ ತೊಂದರೆ" ಅಂದ. ಪ್ರಿಂಟ್ ತೆಗೆದು, ಸ್ಟೇಪಲ್ ಹೊಡೆದು, ಚೆಂದ ಮಾಡಿ ಕೈಗೆ ಕೊಟ್ಟ. ಆದಾಯ ಪ್ರಮಾಣಪತ್ರದಲ್ಲಿ ನನ್ನ ಇನಿಶಿಯಲ್ ಬಿಟ್ಟುಹೋಗಿದೆ, ಸರಿ ಮಾಡಿ ಅಂತ ಅರ್ಜಿ ವಾಪಸ್ ಬಂದಿತ್ತು. ಮೆಸೇಜ್ ಹೋಗಿದ್ದು ಅವನಿಗೆ. ನಾವು ಹುಡುಕಿಕೊಂಡು ಹೋಗುವಷ್ಟರಲ್ಲಿ ಅವನು ಸಿಮ್ ಬದಲಿಸಿ, ಅಂಗಡಿ ಮುಚ್ಚಿ ಬೆಂಗಳೂರು ಸೇರಿದ್ದ. ಕೊನೇ ದಿನಾಂಕ ಮುಗಿದಿತ್ತು. ಪಾಸ್‌ವರ್ಡ್ ಬದಲಿಸೋಣ ಅಂದರೆ ಅದಕ್ಕೂ ಅವನ ನಂಬರಿಗೇ ಒಟಿಪಿ! ಆ ವರ್ಷ ರಾಶಿ ಅಡಿಕೆಯನ್ನು ದರ ಏರುವ ಮೊದಲೇ ಮಂಡಿಗೆ ಹಾಕಿ ಫೀಸು ಕಟ್ಟಿದೆ. ಅದಕ್ಕೇ ಇನ್ನೊಂದು ಸಲ ಹೇಳುತ್ತಿದ್ದೇನೆ, ಸ್ವಂತ ನಂಬರ್.

ಇನ್ನು ಆಗ ಸ್ಕಾಲರ್‌ಶಿಪ್ ವಿಚಾರಿಸಲು ಹೋದ ಆಫೀಸಿನಲ್ಲಿ ಕೇಳಿದ ಮಾತು ಇವತ್ತಿಗೂ ಮರೆತಿಲ್ಲ. "ಜೈನರಿಗೂ ಅಲ್ಪಸಂಖ್ಯಾತರ ಸ್ಕಾಲರ್‌ಶಿಪ್ಪಾ? ನೀವೆಲ್ಲ ಬಂಗಾರದ ಅಂಗಡಿಯವರಲ್ವಾ?" ಅಂದರು. 2014ರಲ್ಲೇ ಕೇಂದ್ರ ಸರ್ಕಾರ ನಮ್ಮನ್ನು ಆ ಪಟ್ಟಿಗೆ ಸೇರಿಸಿದೆ. ನಮ್ಮ ಜೈನ ಕ್ಷೇತ್ರ ಹೊಂಬುಜದ ರಥೋತ್ಸವಕ್ಕೆ ಕಾರಿನಲ್ಲಿ ಬರುವವರನ್ನು ನೋಡಿ ನಮ್ಮನ್ನೂ ಅಳೆಯುತ್ತಾರೆ. ಎಲೆಚುಕ್ಕಿ ರೋಗ ಬಂದು ಅಡಿಕೆ ತೋಟ ಬೋಳಾಗಿ ನಿಂತಿರುವುದನ್ನು ನೋಡಲು ಯಾರು ಬರುತ್ತಾರೆ? ದೇವಸ್ಥಾನದ ಬಂಗಾರ ದೇವರದು, ನಮ್ಮದಲ್ಲ. ಹೋಗಲಿ ಬಿಡು.

ಅಯ್ಯೋ, ನೀನು ಕೇಳಿದ್ದನ್ನೇ ಬಿಟ್ಟೆ. ಆ ಫೆಲೋಶಿಪ್ 2022-23ರಿಂದ ನಿಂತಿದ್ದು ನಿಜ. ಆದರೆ ಅದು ಇದ್ದದ್ದೇ ಎಂಫಿಲ್, ಪಿಎಚ್‌ಡಿಯವರಿಗೆ. ಎಂಪಿಎಚ್ ಎರಡು ವರ್ಷದ ಸ್ನಾತಕೋತ್ತರ ಕೋರ್ಸು, ಹಾಗಾಗಿ ಪುಟ್ಟಿಗೆ ಅದರಿಂದ ನಷ್ಟ ಏನೂ ಇಲ್ಲ. ಅವಳು ನೋಡಬೇಕಾದ್ದು ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ, ನಮ್ಮ ರಾಜ್ಯದ ವಿದ್ಯಾರ್ಥಿವೇತನದ ವೆಬ್‌ಸೈಟ್ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ. ಆದಾಯದ ಮಿತಿ ಎಷ್ಟು ಅಂತ ಈ ವರ್ಷದ ಆದೇಶದಲ್ಲೇ ಓದಿಕೊಳ್ಳಿ, ಹೋದ ವರ್ಷದವರ ಮಾತು ನಂಬಬೇಡಿ. ನಾಡಕಚೇರಿಯಿಂದ ಆದಾಯ ಪ್ರಮಾಣಪತ್ರ ಈಗಲೇ ಮಾಡಿಸು. ಮಾರ್ಕ್ಸ್ ಕಾರ್ಡ್, ಆಧಾರ್ ಎರಡರಲ್ಲೂ ಹೆಸರು ಒಂದೇ ಥರ ಇದೆಯಾ ನೋಡು. ದುಡ್ಡು ಬರುವುದು ಆಧಾರ್ ಜೋಡಿಸಿದ ಖಾತೆಗೆ. ಮೈಸೂರಿನಲ್ಲಿ ಹೊಸ ಖಾತೆ ತೆರೆದರೆ ಯಾವುದಕ್ಕೆ ಜೋಡಣೆ ಆಗಿದೆ ಅಂತ ಬ್ಯಾಂಕಿನಲ್ಲಿ ಕೇಳಿಕೊಳ್ಳಲಿ.

ಸ್ಕಾಲರ್‌ಶಿಪ್ಪಿನಿಂದಲೇ ಪೂರ್ತಿ ಫೀಸು ತೀರುತ್ತೆ ಅಂತ ಲೆಕ್ಕ ಹಾಕಬೇಡಿ. ಸಾಲ ಬೇಕಾದರೆ ಕೇಂದ್ರದ ಪಿಎಂ ವಿದ್ಯಾಲಕ್ಷ್ಮಿ ಯೋಜನೆ ಇದೆ. ಕಾಲೇಜು ಅದರ ಪಟ್ಟಿಯಲ್ಲಿರಬೇಕು. ಮನೆಯ ಆದಾಯ 8 ಲಕ್ಷದ ಒಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಬಡ್ಡಿಯಲ್ಲಿ ಶೇ. 3 ರಿಯಾಯಿತಿ, ಅದೂ ಕಂತು ಶುರುವಾಗುವ ತನಕ. ಆದರೆ ಬೇರೆ ಸರ್ಕಾರಿ ಸ್ಕಾಲರ್‌ಶಿಪ್ ಸಿಗುವವರಿಗೆ ಆ ರಿಯಾಯಿತಿ ಇಲ್ಲ. ಯಾವುದು ಲಾಭ ಅಂತ ಕೂತು ನೋಡಿ.

ಸೇರಿಸು, ಸುಮ್ನೆ ತಡ ಮಾಡಬೇಡ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಕಂಡ ಮಂಗನ ಕಾಯಿಲೆ 2019ರಲ್ಲೂ ಅರಳಗೋಡಿನಲ್ಲಿ ಜನರನ್ನು ಕೊಂದಿತು. ಈ ಓದು ಓದಿದವರು ನಮ್ಮ ಕಡೆಯವರೇ ಆದರೆ ಬೇಡವಾ? ಕಾಲೇಜಿನಲ್ಲಿ ಎಸ್‌ಎಸ್‌ಪಿ ನೋಡಿಕೊಳ್ಳುವ ಕ್ಲರ್ಕ್ ಯಾರು ಅಂತ ಪುಟ್ಟಿ ಮೊದಲ ದಿನವೇ ಕೇಳಲಿ. ಫೋನ್ ಮಾಡುವುದಾದರೆ ರಾತ್ರಿ ಊಟ ಆದಮೇಲೆ ಮಾಡು, ತೋಟದಲ್ಲಿ ನೆಟ್‌ವರ್ಕ್ ಸಿಗಲ್ಲ.