ಬ್ರೂನೋಗೆ ಕನ್ನಡ ಬರಲ್ಲ

ಭಾನುವಾರ ಬೆಳಿಗ್ಗೆ ನಂಜುಂಡಿ ಗೇಟು ತೆಗೆದದ್ದೇ ತಡ, ನಮ್ಮ ನಾಯಿಮರಿ ಓಡಿ ಹೋಗಿ ಅವನ ಪಂಚೆ ಹಿಡಿಯಿತು.

"ಹಚಾ! ಹಚಾ!" ಎಂದ ನಂಜುಂಡಿ.

ಮರಿಗೆ ಇನ್ನೂ ಖುಷಿಯಾಯಿತು. ಪಂಚೆಯ ಅಂಚನ್ನು ಬಾಯಲ್ಲಿ ಕಚ್ಚಿಕೊಂಡು ಹಿಂದಕ್ಕೆ ಎಳೆಯತೊಡಗಿತು.

"ಅಂಕಲ್, ಅವನಿಗೆ ಕನ್ನಡ ಬರಲ್ಲ. 'ನೋ' ಅನ್ನಿ," ಎಂದು ತಾರಸಿಯಿಂದ ನನ್ನ ಮಗ ಚಿಂಟು ಕೂಗಿದ.

ಅಲ್ಲಿಗೆ ನಮ್ಮ ಭಾನುವಾರದ ನೆಮ್ಮದಿ ಮುಗಿಯಿತು.

ಮೇಲೆ ರಾಘು, ಪದ್ಮಕ್ಕ ಆಗಲೇ ಕಾಫಿ ಹಿಡಿದು ಕೂತಿದ್ದರು. ನಂಜುಂಡಿ ಪಂಚೆ ಬಿಡಿಸಿಕೊಂಡು, ಮರಿಯನ್ನೂ ಹಿಂದೆ ಕಟ್ಟಿಕೊಂಡು ಮೆಟ್ಟಿಲು ಹತ್ತಿ ಬಂದ.

"ಅಲ್ಲಯ್ಯ, ಇದು ಯಾರ ಮಗ ಗೊತ್ತಾ? ಮೂಲೆ ದಿನಸಿ ಅಂಗಡಿ ಮುಂದೆ ಮಲಗಿರುತ್ತಲ್ಲ ಕೆಂಪಿ, ಅದರ ಮಗ. ಕೆಂಪಿಗೆ ಇಂಗ್ಲಿಷ್ ಬರಲ್ಲ. ಕೆಂಪಿಯ ಅಮ್ಮನಿಗೂ ಬರುತ್ತಿರಲಿಲ್ಲ. ಇದು ಹುಟ್ಟಿದ್ದು ಚರಂಡಿ ಪಕ್ಕದ ಮರಳು ಗುಡ್ಡೆ ಮೇಲೆ. ಆರು ವಾರ ಅಚ್ಚ ಕನ್ನಡದಲ್ಲಿ ಹಾಲು ಕುಡಿದಿದೆ. ನಿಮ್ಮ ಮನೆ ಹೊಸಿಲು ದಾಟಿದ ತಕ್ಷಣ ಎಲ್ಲ ಮರೆತುಹೋಯಿತಾ?"

"ಅಡ್ಮಿಷನ್ ಆಯಿತಲ್ಲ," ಎಂದ ರಾಘು.

"ಟ್ರೇನರ್ ಹಾಗೇ ಹೇಳಿದ್ದು," ಎಂದು ನನ್ನ ಹೆಂಡತಿ ಸುಮಾ ಸಮಜಾಯಿಷಿ ಕೊಟ್ಟಳು. "ಚಿಕ್ಕ ಚಿಕ್ಕ ಪದ ಇರಬೇಕಂತೆ. ಸಿಟ್, ಸ್ಟೇ, ಕಮ್. ಆಗಲೇ ಬೇಗ ಕಲಿಯೋದಂತೆ."

"ಚಿಕ್ಕದು ಬೇಕಾ? ಬಾ. ತಾ. ಎಷ್ಟು ಅಕ್ಷರ? ಒಂದೊಂದು! 'ಕಮ್' ಬರೆಯೋಕೆ ಇಂಗ್ಲಿಷಿನವರಿಗೆ ನಾಲ್ಕು ಅಕ್ಷರ ಬೇಕು. ನಾವು ಒಂದರಲ್ಲಿ ಮುಗಿಸಿದ್ದೇವೆ. ನಾಯಿಗೆಂದೇ ಹೇಳಿ ಮಾಡಿಸಿದ ಭಾಷೆ ಕಣಮ್ಮ ಇದು."

"ಸ್ಟೇ ಅನ್ನೋದಕ್ಕೆ?" ಎಂದು ಕೇಳಿದರು ಪದ್ಮಕ್ಕ.

ನಂಜುಂಡಿ ಒಂದು ಗುಟುಕು ಕಾಫಿ ಕುಡಿದ. "ಅಲ್ಲೇ... ಅಲ್ಲೇ ಇರು."

"ಫೋರ್!" ಎಂದ ಚಿಂಟು, ಬೆರಳು ಮಡಚಿ.

"ಅದನ್ನು ಹೇಳೋ ಅಗತ್ಯವೇ ಇಲ್ಲ. ಕನ್ನಡದ ನಾಯಿ ಹೇಳದೆಯೇ ಇದ್ದಲ್ಲೇ ಇರುತ್ತೆ. ನಮ್ಮ ಹಾಗೆ."

ರಾಘು ಮಾತ್ರ ಒಪ್ಪಲಿಲ್ಲ. ಇಂಗ್ಲಿಷ್‌ನಲ್ಲಿ ಒಂದು ಅನುಕೂಲ ಇದೆ ಎಂದ. ಅವನು ಒಮ್ಮೆ ಆಫೀಸಿನ ದೊಡ್ಡವರೊಬ್ಬರ ಮನೆಗೆ ಹೋಗಿದ್ದನಂತೆ. ಬಾಗಿಲಲ್ಲೇ ಕರುವಿನಷ್ಟು ಎತ್ತರದ ಗ್ರೇಟ್ ಡೇನ್. "ಅದನ್ನ 'ಬಾರೋ' ಅನ್ನಲಾ, 'ಬನ್ನಿ' ಅನ್ನಲಾ? ಬಾರೋ ಅಂದರೆ ಸಾಹೇಬರಿಗೆ ಬೇಜಾರು, ಬನ್ನಿ ಅಂದರೆ ನನಗೆ ಬೇಜಾರು. ಸುಮ್ನೆ 'ಕಮ್' ಅಂದುಬಿಟ್ಟೆ. ಏಕವಚನ ಬಹುವಚನದ ಗಲಾಟೆಯೇ ಇಲ್ಲ."

"ಬಂತಾ?"

"ಬಂತು. ಅದೇ ತೊಂದರೆ ಆಗಿದ್ದು."

ಅಷ್ಟರಲ್ಲಿ ಮರಿ ಪದ್ಮಕ್ಕನ ಚಪ್ಪಲಿಯೊಂದನ್ನು ಎತ್ತಿಕೊಂಡು ನೀರಿನ ಟ್ಯಾಂಕಿನ ಹಿಂದೆ ಹೊರಟಿತ್ತು. ಚಿಂಟು ತನ್ನ ತರಬೇತಿ ತೋರಿಸಲು ಎದ್ದು ನಿಂತ. "ಬ್ರೂನೋ, ನೋ! ನೋ, ಬ್ರೂನೋ, ನೋ!" ಮರಿ ಬಾಲ ಅಲ್ಲಾಡಿಸುತ್ತಾ ಚಪ್ಪಲಿ ಸಮೇತ ಅವನ ಹತ್ತಿರ ಓಡಿ ಬಂತು. ಬಂದು, ನೆಕ್ಕಿ, ಮತ್ತೆ ಚಪ್ಪಲಿ ಅಗಿಯಿತು.

"ನೋಡು ಮರಿ," ಎಂದ ನಂಜುಂಡಿ, ಮೇಷ್ಟರ ದನಿಯಲ್ಲಿ. "ಹೆಸರಿನ ಕೊನೆಯಲ್ಲೇ ನೀನು 'ನೋ' ಇಟ್ಟಿದ್ದೀಯ. ಕರೆದಾಗೆಲ್ಲ ಬೇಡ ಅಂದ ಹಾಗಾಯಿತು. ಬೇಡ ಅಂದಾಗೆಲ್ಲ ಕರೆದ ಹಾಗಾಯಿತು. ಪಾಪ, ಅದು ಏನು ಮಾಡಬೇಕು? ಸಾಲದ್ದಕ್ಕೆ ಈ ಬೀದಿಯಲ್ಲಿ ಇನ್ನೂ ಮೂರು ಬ್ರೂನೋ ಇವೆ. ಸಂಜೆ ಒಬ್ಬರು ಗೇಟಲ್ಲಿ ನಿಂತು ಕೂಗಿದರೆ ನಾಲ್ಕು ಮನೆಯಲ್ಲಿ ಹಾಜರಿ ಹೇಳುತ್ತವೆ."

"ಮತ್ತೆ ಕನ್ನಡದಲ್ಲಿ ನಾಯಿಗೆ ಏನು ಹೆಸರು ಇಡ್ತಾರೆ ಅಂಕಲ್?"

ನಂಜುಂಡಿ ಲೋಟ ಕೆಳಗಿಟ್ಟ. ಅವನು ಲೋಟ ಕೆಳಗಿಟ್ಟನೆಂದರೆ ಮುಂದೆ ಶಾಸನ ಬರುತ್ತದೆ ಎಂದು ನಮಗೆಲ್ಲ ಗೊತ್ತು. ರಾಘು ಬೆನ್ನಿಗೆ ಆರಾಮಾಗಿ ಗೋಡೆ ಕೊಟ್ಟುಕೊಂಡ.

"ಮದ್ದೂರು ತಾಲ್ಲೂಕಿನ ಆತಕೂರು. ಅಲ್ಲಿ ಒಂದು ಕಲ್ಲಿತ್ತು. 949-50ನೇ ಇಸವಿಯದು. ಆಗ ತಕ್ಕೋಲದಲ್ಲಿ ದೊಡ್ಡ ಯುದ್ಧ. ಒಂದು ಕಡೆ ರಾಷ್ಟ್ರಕೂಟರ ಮೂರನೇ ಕೃಷ್ಣ, ಇನ್ನೊಂದು ಕಡೆ ಚೋಳರು. ಕೃಷ್ಣನ ಪರವಾಗಿ ಗಂಗರ ಬೂತುಗ. ಬೂತುಗನ ಕಡೆ ಮಣಲೇರ ಅಂತ ಒಬ್ಬ ವೀರ. ಅವನು ಕಾದಿದ್ದು ನೋಡಿ ಬೂತುಗನಿಗೆ ಮೆಚ್ಚುಗೆಯಾಯಿತು. 'ಏನು ಬೇಕೋ ಕೇಳು' ಅಂದ. ಇವನು ಏನು ಕೇಳಿದ ಹೇಳು?"

"ಐಪ್ಯಾಡ್," ಎಂದ ಚಿಂಟು.

"ನಾಯಿ! ಊರು ಕೇಳಲಿಲ್ಲ, ಚಿನ್ನ ಕೇಳಲಿಲ್ಲ. ನಿಮ್ಮ ಕಾಳಿಯನ್ನು ಕೊಡಿ ಅಂದ. ಕಾಳಿ ಅಂದರೆ ಬೂತುಗನ ಬೇಟೆನಾಯಿ. ಆಮೇಲೆ ಕೆಳಲೆಯ ಹತ್ತಿರ ಬೆಟ್ಟದಲ್ಲಿ ಒಂದು ದೊಡ್ಡ ಕಾಡುಹಂದಿ ಮೇಲೆ ಕಾಳಿಯನ್ನು ಬಿಟ್ಟರು. ಎರಡೂ ಕಾದಾಡಿ ಸತ್ತವು. ಮಣಲೇರ ಸುಮ್ಮನಿರಲಿಲ್ಲ. ಆತಕೂರಿನ ದೇವಸ್ಥಾನದ ಮುಂದೆ ಕಾಳಿಗೆ ಕಲ್ಲು ನೆಡಿಸಿದ, ಜಮೀನು ಬಿಟ್ಟ. ಆ ಕಲ್ಲಿಗೆ ಪೂಜೆ ಮಾಡದೆ ಪೂಜಾರಿ ಊಟ ಮಾಡಿದರೆ ಪಾಪ ಅಂತಲೂ ಬರೆಸಿದ. ಕಲ್ಲು ಈಗ ಬೆಂಗಳೂರಲ್ಲೇ ಇದೆ, ಕಸ್ತೂರಬಾ ರಸ್ತೆಯ ಮ್ಯೂಸಿಯಮ್ಮಿನಲ್ಲಿ. ಹಂದಿ, ನಾಯಿ ಎರಡೂ ಕೆತ್ತಿದ್ದಾರೆ."

"ಕಾಳಿ ಸತ್ತೇಹೋಯಿತಾ?" ಚಿಂಟುವಿನ ಮುಖ ಸಣ್ಣದಾಯಿತು. ಮರಿಯನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡ.

"ಸಾವಿರ ವರ್ಷದ ಹಿಂದಿನ ಮಾತು ಕಣೋ."

"ಆದ್ರೂ," ಎಂದ ಚಿಂಟು.

"ಕಾಳಿ ಹತ್ತಿರ ಯಾವ ಭಾಷೆಯಲ್ಲಿ ಮಾತಾಡಿದರು ಅಂತಲೂ ಕಲ್ಲಲ್ಲಿ ಬರೆದಿದೆಯಾ?" ಎಂದು ಪದ್ಮಕ್ಕ ಕೆಣಕಿದರು.

"ಸಿಟ್ ಅಂತೂ ಅಂದಿರಲಾರರು. ಆಗ ಇಂಗ್ಲಿಷಿಗೇ ಹಲ್ಲು ಬಂದಿರಲಿಲ್ಲ."

ರಾಘುಗೆ ಈಗ ಹುರುಪು ಬಂತು. ಹಾಗಾದರೆ ಮುಧೋಳ ನಾಯಿಯನ್ನೇ ತರಬಹುದಿತ್ತು, 2005ರಲ್ಲಿ ಅದರ ಅಂಚೆಚೀಟಿಯೇ ಬಂದಿತ್ತು, ನಮ್ಮದೇ ತಳಿ ಎಂದೆಲ್ಲ ಶುರುಮಾಡಿದ.

"ಅದಕ್ಕೆ ಓಡೋಕೆ ಹೊಲ ಬೇಕಯ್ಯ. ಈ ತಾರಸಿಯಲ್ಲಿ ಎರಡು ಹೆಜ್ಜೆ ಹಾಕಿದರೆ ಪಕ್ಕದ ಮನೆ ತಾರಸಿಯಲ್ಲಿರುತ್ತೆ. ಅದೂ ಅಲ್ಲದೆ ಅದು ಬಾಗಲಕೋಟೆ ಕಡೆಯದು. ಇವರ ಇಂಗ್ಲಿಷೂ ತಿಳಿಯಲ್ಲ, ನನ್ನ ಕನ್ನಡವೂ ಹಿಡಿಸಲ್ಲ. 'ಏನ್ ಹಚ್ಚೀರಿ ನಿಮ್ದು?' ಅಂತ ನಮ್ಮನ್ನೇ ಗದರಿಸುತ್ತೆ."

ಇಷ್ಟಾದ ಮೇಲೆ ನಾಯಿಯ ವಿಷಯ ಮುಗಿಯಬೇಕಿತ್ತು. ಆದರೆ ನಂಜುಂಡಿ ಕಾಲು ಝಾಡಿಸಲು ಎದ್ದವನು ಸುಮಾಳ ಗಿಡಗಳ ಕಡೆ ಹೋದ. ಪ್ರತಿ ಕುಂಡದಲ್ಲೂ ಐಸ್‌ಕ್ರೀಮ್ ಕಡ್ಡಿ ನೆಟ್ಟು ಚಿಂಟು ಹೆಸರು ಬರೆದಿದ್ದ. ನಂಜುಂಡಿ ಕನ್ನಡಕ ಏರಿಸಿ ಒಂದೊಂದೇ ಓದಿದ.

"ಮೆಕ್ಸಿಕನ್ ಮಿಂಟ್." ಒಂದು ಎಲೆ ಕಿತ್ತು ಹಿಸುಕಿ ಮೂಸಿದ. "ಅಯ್ಯೋ, ದೊಡ್ಡಪತ್ರೆ! ಇದು ಯಾವಾಗ ಮೆಕ್ಸಿಕೋಗೆ ಹೋಗಿ ಬಂತು? ನಮ್ಮ ಭಾವಮೈದನಿಗೆ ಎರಡು ಸಲ ವೀಸಾ ಸಿಗಲಿಲ್ಲ. ಇದೇನು, ಮೊರಿಂಗಾ. ನುಗ್ಗೆ! ನುಗ್ಗೆಸೊಪ್ಪು ಅಂದರೆ ಪಕ್ಕದ ಮನೆಯವರು ಕರೆದು ಕೊಡ್ತಾರೆ. ಮೊರಿಂಗಾ ಅಂದರೆ ಪುಡಿಯಾಗಿ ಡಬ್ಬಿಯಲ್ಲಿ ಬರುತ್ತೆ. ಮಲಬಾರ್ ಸ್ಪಿನ್ಯಾಚ್... ಸುಮಮ್ಮಾ, ಇದು ಬಸಳೆ!"

"ಗೊತ್ತು," ಎಂದಳು ಸುಮಾ ಮೆಲ್ಲಗೆ. "ತಂದ ಮೇಲೆ ಗೊತ್ತಾಯಿತು. 120 ರೂಪಾಯಿ."

"ನಮ್ಮಮ್ಮ ಯಾರದೋ ಬೇಲಿಯಿಂದ ಒಂದು ತುಂಡು ಮುರಿದು ತಂದು ಬಚ್ಚಲ ನೀರು ಹೋಗುವ ಕಡೆ ಚುಚ್ಚುತ್ತಿದ್ದಳು. ಅಷ್ಟೇ. ಚಪ್ಪರ ತುಂಬುತ್ತಿತ್ತು. ಇದಕ್ಕೆ ಕೋಕೋಪೀಟು, ಅದರ ಮೇಲೆ ಗ್ರೋ ಬ್ಯಾಗು. ನೀವು ಗಿಡದ ಮುಂದೆ ನಿಂತು 'ಗ್ರೋ, ಗ್ರೋ' ಅಂತೀರಾ ಹೇಗೆ? ನಾಯಿ ಹಾಗೆ ಇದೂ ಕೇಳುತ್ತಿಲ್ಲ ಅಂತ ಕಾಣುತ್ತೆ, ಮೂರೇ ಎಲೆ ಇದೆ."

"ಅದಕ್ಕೇ ನಿನ್ನೆ ಬೋನ್ ಮೀಲ್ ಹಾಕಿದ್ದೀನಿ."

"ಮೂಳೆ ಪುಡಿ!"

"ಶ್!" ಎಂದಳು ಸುಮಾ, ಮೆಟ್ಟಿಲ ಕಡೆ ನೋಡುತ್ತಾ. "ಅತ್ತೆಗೆ ಗೊತ್ತಿಲ್ಲ. ಏನೋ ಹಾರ್ಲಿಕ್ಸ್ ತರಹ ಅಂದುಕೊಂಡಿದ್ದಾರೆ."

ನಂಜುಂಡಿ ಆಕಾಶಕ್ಕೆ ಕೈ ಮುಗಿದ. "ಇಂಗ್ಲಿಷಿನಿಂದ ಈ ಮನೆಗೆ ಆದ ಉಪಕಾರ ಇದೊಂದೇ."

ಆದರೆ ಬೋನ್ ಮೀಲ್ ಎಂದರೇನೆಂದು ಯಾವ ಭಾಷೆಯ ಸಹಾಯವೂ ಇಲ್ಲದೆ ತಿಳಿದುಕೊಂಡವನು ಒಬ್ಬನಿದ್ದ. ನಾವು ತಿರುಗಿ ನೋಡುವ ಹೊತ್ತಿಗೆ ಮರಿ ಬಸಳೆಯ ಚೀಲದೊಳಗೆ ಅರ್ಧ ಇಳಿದಿತ್ತು. ಹಿಂಗಾಲು, ಬಾಲ ಮಾತ್ರ ಹೊರಗೆ. ಮಣ್ಣು ಕಾಫಿ ಲೋಟಕ್ಕೆಲ್ಲ ಹಾರುತ್ತಿತ್ತು.

"ನೋ! ಬ್ರೂನೋ, ಸ್ಟಾಪ್!" ಎಂದು ಸುಮಾ. "ಲೀವ್ ಇಟ್!" ಎಂದು ಚಿಂಟು. "ಹಚಾ! ಹಚಾ!" ಎಂದು ನಂಜುಂಡಿ. "ಏಯ್! ಏಯ್!" ಎಂದು ರಾಘು, ಕುರ್ಚಿಯ ಮೇಲೆ ಕಾಲೆತ್ತಿಕೊಂಡು. ಮರಿ ಎರಡೂ ಭಾಷೆಯನ್ನು ಒಂದೇ ಸಮ ಅಲಕ್ಷ್ಯ ಮಾಡಿತು.

ಆಗ ಅಮ್ಮ ಸಂಡಿಗೆ ಒಣಗಿಸಲು ಮೊರ ಹಿಡಿದು ಮೇಲೆ ಬಂದರು. ಒಂದು ಕ್ಷಣ ನಿಂತು ನೋಡಿದರು.

"ಕರಿಯಾ, ಬೇಡ ಮಗ. ಬಾ ಇಲ್ಲಿ."

ದನಿ ಕೂಡ ಏರಿಸಲಿಲ್ಲ. ಮರಿ ಚೀಲದಿಂದ ಇಳಿಯಿತು, ಮೂತಿ ತುಂಬ ಮಣ್ಣು, ಬಂದು ಅವರ ಕಾಲ ಬಳಿ ಕೂತಿತು.

ನಂಜುಂಡಿಯ ಬಾಯಿ ತೆರೆದೇ ಇತ್ತು.

"ಅಜ್ಜಿ, ಅವನ ಹೆಸರು ಬ್ರೂನೋ," ಎಂದ ಚಿಂಟು.

"ಅದು ನಿಮಗೆ," ಎಂದರು ಅಮ್ಮ, ಸಂಡಿಗೆ ಹರಡುತ್ತಾ. "ಎಂಟೂವರೆಗೆ ನೀವೆಲ್ಲ ಹೋದರೆ ಬರೋದು ಸಂಜೆ. ಅಲ್ಲಿವರೆಗೂ ಇದು ಕರಿಯ."

"ಇಡೀ ದಿನ ಅವನ ಹತ್ತಿರ ಏನು ಮಾತಾಡ್ತೀಯ?"

"ಏನಿರುತ್ತೆ? ಹಾಲಿನವನು ತಡ ಮಾಡಿದ ಅಂತ. ಮಂಡಿ ನೋವು ಅಂತ. ನಿಮ್ಮ ತಾತ ಇದ್ದಾಗ ಹಿತ್ತಿಲಲ್ಲಿ ಬಸಳೆ ಹೇಗೆ ಬರ್ತಿತ್ತು ಅಂತ. ಹೇಳಿದ್ದೇ ಹೇಳಿದರೂ ಪಾಪ, 'ಇದು ಆಗಲೇ ಹೇಳಿದ್ದೀಯ' ಅನ್ನಲ್ಲ."

ಹಿಂದಿನ ರಾತ್ರಿ ಊಟದ ಹೊತ್ತಿನಲ್ಲಿ ಹಾಗೆಂದವನು ನಾನು. ಯಾರೂ ನನ್ನ ಕಡೆ ನೋಡಲಿಲ್ಲ. ನಾನು ಎದ್ದು ಹೋಗಿ ಬಸಳೆಯ ಬುಡಕ್ಕೆ ಮಣ್ಣು ಎಳೆದೆ. ಮೂರು ಎಲೆಯಲ್ಲಿ ಎರಡು ಉಳಿದಿದ್ದವು.

ಅಮ್ಮ ಖಾಲಿ ಮೊರ ಹಿಡಿದು ಕೆಳಗಿಳಿದರು. ಮರಿ ಮೆಟ್ಟಿಲು ಮೆಟ್ಟಿಲಿಗೂ ಧೊಪ್ಪೆಂದು ಬೀಳುತ್ತಾ ಅವರ ಹಿಂದೆ ಹೋಯಿತು. ನಂಜುಂಡಿ ಮೆಟ್ಟಿಲ ತುದಿಗೆ ಹೋಗಿ ಬಗ್ಗಿದ.

"ಕರಿಯಾ! ಬಾ!"

ಅದು ತಿರುಗಲಿಲ್ಲ.

"ಕರಿಯ, ಬಾ ಮಗ!" ಅಮ್ಮನ ದನಿಯನ್ನೇ ತರಲು ನೋಡಿದ. ಊಹೂಂ. ಕೆಳಗೆ ಅಡುಗೆಮನೆಯಲ್ಲಿ ಅಮ್ಮ ಯಾರಿಗೋ ಏನೋ ಹೇಳುತ್ತಿರುವುದು ಕೇಳಿಸಿತು.

ನಂಜುಂಡಿ ಒಮ್ಮೆ ಹಿಂದೆ ತಿರುಗಿ ನಮ್ಮನ್ನು ನೋಡಿದ. ನಾವೆಲ್ಲ ಸಂಡಿಗೆ ನೋಡುತ್ತಿದ್ದೆವು. ಮತ್ತೆ ಬಗ್ಗಿ, ಆದಷ್ಟು ಸಣ್ಣ ದನಿಯಲ್ಲಿ ಎಂದ:

"ಬ್ರೂನೋ... ಕಮ್ಮು!"

"ಕಮ್ಮು ಅಲ್ಲ ಅಂಕಲ್," ಎಂದ ಚಿಂಟು. "ಅದಕ್ಕೇ ಅವನು ಬರ್ತಿಲ್ಲ."