ಅಪ್‌ಡೇಟ್: ಇಂಗ್ಲಿಷ್ ಪದಗಳ ಔಪಚಾರಿಕತೆಯನ್ನು ಗುರುತಿಸುವ ಬಗ್ಗೆ

ಒಂದೇ ಅರ್ಥದ ಇಂಗ್ಲಿಷ್ ಪದಗಳಲ್ಲಿ ಔಪಚಾರಿಕವಾದುದು ಯಾವುದು, ಸಾಮಾನ್ಯವಾದುದು ಯಾವುದು, ಆಡುಮಾತಿನದು ಯಾವುದು ಎಂದು ತಿಳಿಯುವುದು ಹೇಗೆಂದು ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಹೆಚ್ಚು ನೆರವಾದದ್ದು ಪದದ ಮೂಲವನ್ನು ನೋಡಬೇಕೆಂಬ ಸಲಹೆ: 1066ರಲ್ಲಿ ಫ್ರೆಂಚ್ ಮಾತನಾಡುವ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಬಳಿಕ ಆಡಳಿತಕ್ಕೂ ನ್ಯಾಯಾಲಯಕ್ಕೂ ಫ್ರೆಂಚ್ ಬಂದುದರಿಂದ, ‘ಬಿಗಿನ್’ (ಆರಂಭಿಸು), ‘ಬೈ’ (ಕೊಳ್ಳು) ಮುಂತಾದ ಹಳೆಯ ಇಂಗ್ಲಿಷ್ ಪದಗಳು ದಿನಬಳಕೆಯಲ್ಲಿ ಉಳಿದು, ಅದೇ ಅರ್ಥದ ಫ್ರೆಂಚ್ ಮೂಲದ ‘ಕಮೆನ್ಸ್’, ‘ಪರ್ಚೇಸ್’ ಮುಂತಾದವು ಕಾಗದಪತ್ರಗಳ ಗಾಂಭೀರ್ಯವನ್ನು ಪಡೆದವು. ಆದರೆ ಇದು ಎಲ್ಲೆಡೆ ಸಲ್ಲುವ ನಿಯಮವಲ್ಲ. ‘ಯೂಸ್’ ಸಹ ಫ್ರೆಂಚಿನಿಂದಲೇ ಬಂದದ್ದು, ಆದರೂ ತೀರಾ ಸಾಮಾನ್ಯ ಪದ. ಹೀಗಾಗಿ ನಿಘಂಟಿನಲ್ಲಿ ಅರ್ಥದ ಜೊತೆಗಿರುವ ‘ಫಾರ್ಮಲ್’, ‘ಇನ್‌ಫಾರ್ಮಲ್’ ಗುರುತುಗಳನ್ನೂ ಈಗ ತಪ್ಪದೆ ನೋಡುತ್ತೇನೆ. ನಿನ್ನೆ ಬರೆದ ಅರ್ಜಿಯಲ್ಲಿ ‘ಕಿಡ್ಸ್’ ಎಂಬುದನ್ನು ತೆಗೆದು ‘ಚಿಲ್ಡ್ರನ್’ ಎಂದು ತಿದ್ದಿದೆ. ‘ಆಫ್‌ಸ್ಪ್ರಿಂಗ್’ (ಸಂತಾನ) ಎಂದಿದ್ದರೆ ಅತಿಯಾಗುತ್ತಿತ್ತು.