ನಟನ ಮಾತಿಗೆ ಸಿನಿಮಾ ನಿಂತ್ರೆ ಟಾಕೀಸ್‌ನವರ ಅಡ್ವಾನ್ಸ್ ಗತಿ ಏನು?

ಕೌಲ್‌ಬಜಾರ್ ಟಾಕೀಸ್, ಬಳ್ಳಾರಿ:
ಪರಭಾಷೆಯ ದೊಡ್ಡ ಸಿನಿಮಾ ಸಿಂಗಲ್ ಸ್ಕ್ರೀನ್‌ಗೆ ಹಾಕೋ ಮಾತು ನಡೆದಿದೆ. ಹೀರೋ ಯಾವಾಗಲೋ ಕನ್ನಡದ ಬಗ್ಗೆ ಆಡಿದ ಮಾತಿನ ವಿಡಿಯೋ ಈಗ ವಾಟ್ಸಾಪ್‌ನಲ್ಲಿ ಓಡಾಡ್ತಿದೆ. ಡಿಸ್ಟ್ರಿಬ್ಯೂಟರ್ ಎನ್‌ಆರ್‌ಎ ಮೇಲೆ ಕೊಡ್ತೀನಿ ಅಂತಾರೆ. ಹೀರೋ ವಿಷಾದ ಅಂದ್ರೆ ತಣ್ಣಗಾಗುತ್ತಾ? ಆಗದಿದ್ರೆ ಅಗ್ರಿಮೆಂಟ್‌ನಲ್ಲಿ ಏನು ಬರೆಸಿರಬೇಕು?

ಮಾನ್ವಿ ಕ್ಯಾಂಪ್:
ಎನ್‌ಆರ್‌ಎ ಅಂದ್ರೇನೇ ವಾಪಸ್ ಬಾರದ ಅಡ್ವಾನ್ಸ್. ವಿವಾದ ಬೆನ್ನಿಗಿರೋ ಸಿನಿಮಾಕ್ಕೆ ಅದೂ ಬೇಡ, ಎಂಜಿನೂ (ಕಲೆಕ್ಷನ್ ಎಷ್ಟಾದ್ರೂ ಕೊಡಬೇಕಾದ ಕನಿಷ್ಠ ಗ್ಯಾರಂಟಿ) ಬೇಡ. ರಿಫಂಡಬಲ್ ಅಡ್ವಾನ್ಸ್ ಕೇಳಿ. ಒಪ್ಪದಿದ್ರೆ ವಾರದ ಬಾಡಿಗೆಗೆ ಕೊಡಿ, ರಿಸ್ಕ್ ಅವರದ್ದು.

ಎರಡು ಸಾಲು ಗಮನಿಸಿ. ಬಂದ್, ಗಲಾಟೆ, ಸರ್ಕಾರಿ ಆದೇಶದಿಂದ ಆಟ ನಿಂತ್ರೆ ಯಾರೂ ಹೊಣೆ ಅಲ್ಲ ಅನ್ನೋ ಕಲಂ ಇರುತ್ತೆ, ಅದರಡಿ ನಿಮ್ಮ ದುಡ್ಡು ಸಿಕ್ಕಿಬೀಳುತ್ತೆ. ಅದರ ಕೆಳಗೇ "ಹೀಗಾದಲ್ಲಿ 15 ದಿನದೊಳಗೆ ಪೂರ್ತಿ ಅಡ್ವಾನ್ಸ್ ವಾಪಸ್" ಅಂತ ಸೇರಿಸಿ. ಇನ್ನೊಂದು, ರಿಲೀಸ್ ಅಂದ್ರೆ ಏನು ಅಂತ ಬರೆಸಿ. ಮಾರ್ನಿಂಗ್ ಶೋ ಓಡಿ ಮ್ಯಾಟಿನಿಗೆ ನಿಂತ್ರೂ "ರಿಲೀಸ್ ಆಯ್ತಲ್ಲ" ಅಂತ ವಾದ ಹೂಡ್ತಾರೆ. ಮೊದಲ ಮೂರು ದಿನದ ಎಲ್ಲಾ ಆಟ ನಡೆದ್ರೆ ಮಾತ್ರ ರಿಲೀಸ್ ಅಂತಿರಲಿ.

ಹಳೇ ಬಸ್‌ಸ್ಟ್ಯಾಂಡ್, ಗಂಗಾವತಿ:
ವಿಷಾದದ ವಿಚಾರಕ್ಕೆ ಬಂದ್ರೆ, ಯಾವಾಗ ಬಂತು, ಯಾವ ಪದದಲ್ಲಿ ಬಂತು ಅನ್ನೋದೇ ಮುಖ್ಯ. 2017ರಲ್ಲಿ ಬಾಹುಬಲಿಯ ಕಟ್ಟಪ್ಪ, ತಮಿಳು ನಟ ಸತ್ಯರಾಜ್ ಕಾವೇರಿ ಬಗ್ಗೆ ಸುಮಾರು ಒಂಬತ್ತು ವರ್ಷ ಹಿಂದೆ ಆಡಿದ್ದ ಮಾತಿಗೆ ಏಪ್ರಿಲ್ 21ಕ್ಕೆ ವಿಷಾದ ಹೇಳಿದ್ರು, ಬಾಹುಬಲಿ 2 ಏಪ್ರಿಲ್ 28ಕ್ಕೆ ತೆರೆಗೆ ಬಂತು. ಒಂದು ವಾರ ಕೈಯಲ್ಲಿತ್ತು. ನಿರ್ದೇಶಕ ರಾಜಮೌಳಿ ಕೂಡ ಕನ್ನಡದಲ್ಲೇ ಮನವಿ ಮಾಡ್ಕೊಂಡಿದ್ರು. 2025ರಲ್ಲಿ ಕನ್ನಡ ತಮಿಳಿನಿಂದ ಹುಟ್ಟಿದ್ದು ಅಂದು ವಿವಾದಕ್ಕೆ ಸಿಕ್ಕ ಕಮಲ್ ಹಾಸನ್, ಸಿನಿಮಾದವರ ಸಂಘವಾದ ಕರ್ನಾಟಕ ಫಿಲಂ ಚೇಂಬರ್‌ಗೆ ಪತ್ರ ಬರೆದ್ರು. ಪ್ರೀತಿ, ಅಭಿಮಾನ ಎಲ್ಲಾ ಇತ್ತು, ಕ್ಷಮೆ ಅನ್ನೋ ಪದ ಇರಲಿಲ್ಲ. ಹೈಕೋರ್ಟಲ್ಲೂ ಪ್ರಶ್ನೆ ಅದರ ಮೇಲೇ ಎದ್ದಿತು. ಅವರ ಥಗ್ ಲೈಫ್ ಜೂನ್ 5ಕ್ಕೆ ಕರ್ನಾಟಕ ಬಿಟ್ಟು ಬೇರೆಡೆ ಬಿಡುಗಡೆ ಆಯ್ತು. ಸೆನ್ಸಾರ್ ಆದ ಸಿನಿಮಾನ ಗುಂಪಿಗೆ ಹೆದರಿ ತಡೆಯೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು ಜೂನ್ 17ಕ್ಕೆ. ಅಷ್ಟೊತ್ತಿಗೆ ಆ ಸಿನಿಮಾ ಯಾರಿಗೆ ಬೇಕಿತ್ತು? ಕೋರ್ಟಲ್ಲಿ ಗೆದ್ರೂ ಮೊದಲ ವಾರದ ಕಲೆಕ್ಷನ್ ವಾಪಸ್ ಬರಲ್ಲ.

ಕೌಲ್‌ಬಜಾರ್ ಟಾಕೀಸ್:
ಚೇಂಬರ್ ಬೇಡ ಅಂದ್ರೆ ನಾವು ಹಾಕಬಾರದಾ?

ಕರಿಕೋಟು, ರಾಯಚೂರು:
ಚೇಂಬರ್‌ಗೆ ಸಿನಿಮಾ ನಿಷೇಧಿಸೋ ಕಾನೂನು ಅಧಿಕಾರ ಇಲ್ಲ. ಡಬ್ಬಿಂಗ್ ತಡೆದಿದ್ದಕ್ಕೆ 2015ರಲ್ಲಿ ಸ್ಪರ್ಧಾ ಆಯೋಗ ಅದಕ್ಕೆ ದಂಡವನ್ನೂ ಹಾಕಿತ್ತು. ಆದ್ರೆ ಡಿಸ್ಟ್ರಿಬ್ಯೂಟರ್, ಪ್ರದರ್ಶಕರು ಎಲ್ಲಾ ಅಲ್ಲಿನ ಸದಸ್ಯರೇ, ಅಸಹಕಾರ ಅಂದ್ರೆ ಸಾಕು ಕೆಲಸ ಆಗುತ್ತೆ. ನಿಜವಾಗಿ ಆಟ ನಿಲ್ಲಿಸೋ ಅಧಿಕಾರ ಇರೋದು ನಿಮ್ಮ ಲೈಸೆನ್ಸ್ ಕೊಡೋ ಡಿಸಿಗೆ, 1964ರ ಕರ್ನಾಟಕ ಸಿನಿಮಾ ಕಾಯ್ದೆಯಡಿ. ಅವರಿಂದ ಲಿಖಿತ ಆದೇಶ ಇಲ್ಲದೆ ಬಾಯಿಮಾತಿಗೆ ಆಟ ನಿಲ್ಲಿಸಬೇಡಿ, ಆಮೇಲೆ ನೀವೇ ನಿಲ್ಲಿಸಿದ್ದು ಅಂತಾಗಿ ಅಡ್ವಾನ್ಸ್ ಕ್ಲೇಮ್ ಬಿದ್ದುಹೋಗುತ್ತೆ.

ಎಸ್‌ಪಿಗೆ ಬಂದೋಬಸ್ತ್ ಅರ್ಜಿ ಮುಂಚೆಯೇ ಕೊಟ್ಟು ಸ್ವೀಕೃತಿ ಇಟ್ಕೊಳ್ಳಿ. ಹೈಕೋರ್ಟಲ್ಲಿ ರಿಟ್ ಅರ್ಜಿ ಹಾಕೋದಾದ್ರೆ ಬಳ್ಳಾರಿ, ಕೊಪ್ಪಳಕ್ಕೆ ಧಾರವಾಡ ಪೀಠ, ರಾಯಚೂರಿಗೆ ಕಲಬುರಗಿ. ಕಾವೇರಿ ಮಾತಿಗೇ ವಿರೋಧ ಎದ್ದಿದ್ದ ರಜನಿಕಾಂತ್ ಅವರ ಕಾಲಾ ಸಿನಿಮಾಕ್ಕೆ 2018ರಲ್ಲಿ ಹೈಕೋರ್ಟ್ ಭದ್ರತೆ ಕೊಡಿ ಅಂತು ಅಷ್ಟೇ. ಹಾಕೋದು ಬಿಡೋದು ಟಾಕೀಸ್‌ನವರಿಗೇ ಬಿಟ್ಟಿದ್ದು.

ಕ್ಯಾಬಿನ್ ಕಿಟಕಿ:
ಒಂದು ಮಾತು ಬಿಟ್ಟುಹೋಯ್ತು. ಕೆಡಿಎಂ (ಡಿಜಿಟಲ್ ಸಿನಿಮಾ ತೆರೆಯೋ ಕೀ) ನಿಮ್ಮ ಸರ್ವರ್‌ಗೆ ಮಾತ್ರ, ಕೊಟ್ಟ ದಿನಾಂಕದ ಒಳಗೆ ಮಾತ್ರ ತೆರೆಯುತ್ತೆ. ಡೇಟ್ ಮುಂದೆ ಹೋದ್ರೆ ಹೊಸ ಕೀ ಬೇಕು. ಪೊಲೀಸರು ಮಧ್ಯಾಹ್ನ ಸರಿ ಅಂದ್ರೂ ಕೀ ಮುಗಿದಿದ್ರೆ ಸಂಜೆ ಆಟ ಖೋತಾ. ವಾರದ ಕೊನೆಯವರೆಗೂ ಅವಧಿ ಹಾಕಿಸ್ಕೊಳ್ಳಿ. ಕೀ ಬಂದು ಒಮ್ಮೆ ಓಡಿಸಿ ನೋಡೋವರೆಗೂ ಆನ್‌ಲೈನ್ ಬುಕಿಂಗ್ ತೆರೀಬೇಡಿ.

ಮುಂದಿನ ಫ್ಲೆಕ್ಸ್ ಹಿಂದಿನ ರಾತ್ರಿಯೇ ಇಳಿಸಿಬಿಡಿ, ಕಲ್ಲು ಮೊದಲು ಬೀಳೋದು ಅದಕ್ಕೇ, ಅದರ ಹಿಂದಿರೋ ಗಾಜಿಗೆ. ಫೈರ್ ಪಾಲಿಸಿಯಲ್ಲಿ ಗಲಭೆ, ದುರುದ್ದೇಶದ ಹಾನಿ ಸೇರಿದೆಯಾ ನೋಡಿ, ಪ್ರೀಮಿಯಂ ಉಳಿಸೋಕೆ ಎಷ್ಟೋ ಜನ ಅದನ್ನೇ ತೆಗೆಸಿರ್ತಾರೆ. ಒಡೆದ್ರೆ ಎಫ್‌ಐಆರ್ ಆಗಿ ಸರ್ವೇಯರ್ ಬಂದು ನೋಡೋವರೆಗೂ ಒಂದು ಚೂರೂ ಗುಡಿಸಬೇಡಿ.